ಪೈಲಟ್ ಲೈಸೆನ್ಸ್ ಗಡಿ ದಾಟುವುದು ಹೇಗೆ?

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ಬಳಿ, ಕಾವೇರಿ ಕಣಿವೆಗೆ ಧುಮುಕುವ ಜಾಗದಲ್ಲಿರುವ ಪುಟ್ಟ ವಸತಿಗೆ ‘ಬ್ಲಫ್’ ಎಂದೇ ಹೆಸರು. ಕಡಿದಾದ ದಂಡೆ ಎಂಬ ಅರ್ಥದ ಇಂಗ್ಲಿಷ್ ಪದವದು. 1902ರಲ್ಲಿ ಇಲ್ಲಿ ಆರಂಭಗೊಂಡ ಜಲವಿದ್ಯುತ್ ಕೇಂದ್ರ 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಸಿದಾಗ ಈ ಹೆಸರು ನಾಡಿನಾಚೆಗೂ ಕೇಳಿಬಂದಿತು. ಇದೇ ಹೆಸರಿನ ಇನ್ನೊಂದು ಊರು ನ್ಯೂಜಿಲೆಂಡಿನಲ್ಲಿದೆ. ಆ ದೇಶದ ದಕ್ಷಿಣ ದ್ವೀಪದ ತುದಿಯಲ್ಲಿರುವ ಆ ಬ್ಲಫ್ ಒಂದು ಬಂದರು. ಇನ್ವರ್‌ಕಾರ್ಗಿಲ್ ವಿಮಾನ ನಿಲ್ದಾಣ ಅದಕ್ಕೆ ಸಮೀಪದಲ್ಲೇ ಇದೆ.

ನ್ಯೂಜಿಲೆಂಡಿನಲ್ಲಿ ವಿಮಾನ ಚಾಲನೆ ಕಲಿತು ಲೈಸೆನ್ಸ್ ಪಡೆದ ಮಂಡ್ಯದ ಯುವಕನೊಬ್ಬ ಆ ಬ್ಲಫ್ ಮೇಲೆ ನಿರಾತಂಕವಾಗಿ ಹಾರಬಹುದು. ಆದರೆ ಅದೇ ಲೈಸೆನ್ಸ್ ಹಿಡಿದು ಊರಿಗೆ ಮರಳಿ, ಭಾರತದಲ್ಲಿ ನೋಂದಣಿಯಾದ ಅದೇ ಮಾದರಿಯ ಸೆಸ್ನಾ ವಿಮಾನವನ್ನು ಮಳವಳ್ಳಿಯ ಬ್ಲಫ್ ಮೇಲೆ ಹಾರಿಸಲು ಆತನಿಗೆ ಅಧಿಕಾರವಿಲ್ಲ. ಗಾಳಿ ಅದೇ, ರೆಕ್ಕೆ ಅದೇ, ಕಲಿತ ವಿದ್ಯೆಯೂ ಅದೇ. ಬದಲಾದದ್ದು ಕಾನೂನು ಮಾತ್ರ. ಕಲಿತ ವಿದ್ಯೆ ಗಡಿ ದಾಟುತ್ತದೆ; ಹಾರಿಸುವ ಅಧಿಕಾರ ತಾನಾಗಿ ದಾಟುವುದಿಲ್ಲ.

ಈ ವ್ಯತ್ಯಾಸ ತಿಳಿಯದೆ ಹಲವು ಹತ್ತು ಲಕ್ಷ ರೂಪಾಯಿ ಸುರಿದು, ಜಮೀನನ್ನೋ ಮನೆಯನ್ನೋ ಬ್ಯಾಂಕಿಗೆ ಅಡವಿಟ್ಟು ಮಕ್ಕಳನ್ನು ಹೊರದೇಶದ ತರಬೇತಿ ಶಾಲೆಗೆ ಕಳುಹಿಸುವ ಕುಟುಂಬಗಳ ಪಾಲಿಗೆ ಇದು ಕೇವಲ ಕಾನೂನಿನ ಸೂಕ್ಷ್ಮವಲ್ಲ. ಮರಳಿ ಬಂದ ಮೇಲೆ ಪರಿವರ್ತನೆಗೆ ತಗಲುವ ಒಂದೊಂದು ತಿಂಗಳೂ ಸಾಲದ ಬಡ್ಡಿಯ ತಿಂಗಳೇ ಆಗಿರುತ್ತದೆ. ಆದ್ದರಿಂದ ಹೊರಡುವ ಮುನ್ನವೇ ಲೈಸೆನ್ಸ್ ಪರಿವರ್ತನೆಯ ಸ್ವರೂಪವನ್ನು ಅರಿಯುವುದು ಅಗತ್ಯ.

ಲೈಸೆನ್ಸ್ ಮೇಲೆ ಯಾರ ಅಧಿಕಾರ?

ಜಗತ್ತಿನ ನಾಗರಿಕ ವಿಮಾನಯಾನದ ಮೂಲ ಕಾನೂನು 1944ರ ಡಿಸೆಂಬರ್ 7ರಂದು ಅಮೆರಿಕದ ಶಿಕಾಗೊ ನಗರದಲ್ಲಿ ಸಹಿಯಾದ ಒಪ್ಪಂದ. ಭಾರತವೂ ಅದಕ್ಕೆ ಸಹಿ ಹಾಕಿದೆ. ಒಪ್ಪಂದದ ಫಲವಾಗಿ ಹುಟ್ಟಿದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, ಇಂದು 193 ಸದಸ್ಯ ರಾಷ್ಟ್ರಗಳನ್ನು ಹೊಂದಿದೆ.

ಪ್ರತಿಯೊಂದು ವಿಮಾನಕ್ಕೂ ಒಂದು ರಾಷ್ಟ್ರೀಯತೆ ಇರುತ್ತದೆ. ಅದು ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶದ ಗುರುತನ್ನು ಮೈಮೇಲೆ ಹೊತ್ತಿರುತ್ತದೆ. ಭಾರತದ ವಿಮಾನಗಳಿಗೆ ‘ವಿಟಿ’, ಅಮೆರಿಕದವಕ್ಕೆ ‘ಎನ್’, ಬ್ರಿಟನ್ನಿನವಕ್ಕೆ ‘ಜಿ’, ನ್ಯೂಜಿಲೆಂಡಿನವಕ್ಕೆ ‘ಝಡ್‌ಕೆ’. ಅಂತರರಾಷ್ಟ್ರೀಯ ಹಾರಾಟ ನಡೆಸುವ ವಿಮಾನದ ಚಾಲಕನ ಬಳಿ, ಆ ವಿಮಾನ ನೋಂದಣಿಯಾದ ದೇಶವೇ ನೀಡಿದ ಅಥವಾ ಆ ದೇಶ ಮಾನ್ಯ ಮಾಡಿದ ಲೈಸೆನ್ಸ್ ಇರಬೇಕು ಎಂದು ಶಿಕಾಗೊ ಒಪ್ಪಂದದ 32ನೇ ವಿಧಿ ಹೇಳುತ್ತದೆ. ಬೆಂಗಳೂರಿನಿಂದ ಲಂಡನ್ನಿಗೆ ಹಾರುವ ಭಾರತೀಯ ವಿಮಾನದ ಪೈಲಟ್ ಬ್ರಿಟನ್ನಿನ ಲೈಸೆನ್ಸ್ ಪಡೆಯಬೇಕಾಗಿಲ್ಲದಿರುವುದು ಇದೇ ಕಾರಣದಿಂದ. ಆತ ಹಾರಿಸುವುದು ‘ವಿಟಿ’ ವಿಮಾನ. ಆತನ ಕೈಯಲ್ಲಿರುವುದು ಭಾರತದ ಲೈಸೆನ್ಸ್. ಐಕಾವೊ ನಿಗದಿಪಡಿಸಿದ ಕನಿಷ್ಠ ಮಟ್ಟಕ್ಕೆ ಸರಿಸಮಾನವಾಗಿ ನೀಡಿದ ಇಂತಹ ಲೈಸೆನ್ಸನ್ನು ಉಳಿದ ದೇಶಗಳು ಮಾನ್ಯ ಮಾಡಬೇಕೆಂದು 33ನೇ ವಿಧಿ ವಿಧಿಸುತ್ತದೆ.

ಆದರೆ ಅದೇ 32ನೇ ವಿಧಿಯ ಎರಡನೆಯ ಭಾಗವನ್ನು ಗಮನಿಸುವವರು ಕಡಿಮೆ. ತನ್ನ ಪ್ರಜೆಗೆ ಬೇರೆ ದೇಶ ನೀಡಿದ ಲೈಸೆನ್ಸನ್ನು ತನ್ನ ನೆಲದ ಮೇಲಿನ ಹಾರಾಟಕ್ಕೆ ಒಪ್ಪದಿರುವ ಹಕ್ಕನ್ನು ಪ್ರತಿಯೊಂದು ರಾಷ್ಟ್ರವೂ ಅಲ್ಲಿ ಉಳಿಸಿಕೊಂಡಿದೆ. ‘ನಮ್ಮದು ಐಕಾವೊ ಲೈಸೆನ್ಸ್, ಜಗತ್ತಿನಾದ್ಯಂತ ಮಾನ್ಯ’ ಎಂಬ ಜಾಹೀರಾತಿನ ಮಾತನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು. ಐಕಾವೊ ಯಾರಿಗೂ ಪೈಲಟ್ ಲೈಸೆನ್ಸ್ ಕೊಡುವುದಿಲ್ಲ. ಅದು ಕನಿಷ್ಠ ಮಟ್ಟವನ್ನು ನಿಗದಿಪಡಿಸುತ್ತದೆ. ಲೈಸೆನ್ಸ್ ಕೊಡುವುದು ಆಯಾ ದೇಶದ ಪ್ರಾಧಿಕಾರ.

ಮೂರು ದಾರಿಗಳು

ಒಂದು ದೇಶದ ಲೈಸೆನ್ಸ್ ಹೊಂದಿದವರು ಇನ್ನೊಂದು ದೇಶದ ವಿಮಾನ ಹಾರಿಸಲು ಸಾಮಾನ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಮಾನ್ಯತೆ. ಮೂಲ ಲೈಸೆನ್ಸ್ ಹಾಗೆಯೇ ಉಳಿಯುತ್ತದೆ; ಅದರ ಆಧಾರದ ಮೇಲೆ ಇನ್ನೊಂದು ದೇಶ ನಿಗದಿತ ಅವಧಿಗೆ, ನಿಗದಿತ ಕೆಲಸಕ್ಕೆ ಅನುಮತಿ ನೀಡುತ್ತದೆ. ಮೂಲ ಲೈಸೆನ್ಸ್ ರದ್ದಾದರೆ ಈ ಅನುಮತಿಯೂ ಬೀಳುತ್ತದೆ. ಭಾರತದಲ್ಲಿ ವಿದೇಶಿ ಪೈಲಟ್‌ಗಳಿಗೆ ನೀಡುವ ತಾತ್ಕಾಲಿಕ ಅನುಮತಿ ಇದೇ ಬಗೆಯದು. ವಿಮಾನಯಾನ ವಲಯದಲ್ಲಿ ಅದನ್ನು ‘ಎಫ್‌ಎಟಿಎ’ ಎನ್ನುತ್ತಾರೆ. 2003ರಲ್ಲಿ ಬೆಂಗಳೂರಿನಿಂದ ಹಾರಾಟ ಆರಂಭಿಸಿದ ಏರ್ ಡೆಕ್ಕನ್, 2005ರಲ್ಲಿ ಬಂದ ಕಿಂಗ್‌ಫಿಷರ್ ಮೊದಲಾದ ಸಂಸ್ಥೆಗಳು ವೇಗವಾಗಿ ಬೆಳೆದ ಆ ವರ್ಷಗಳಲ್ಲಿ ಅನುಭವಿ ಕ್ಯಾಪ್ಟನ್‌ಗಳ ಕೊರತೆ ತೀವ್ರವಾಗಿತ್ತು. ಹೊರದೇಶದ ಪೈಲಟ್‌ಗಳು ಈ ಅನುಮತಿಯ ಬಲದಿಂದಲೇ ನಮ್ಮ ವಿಮಾನಗಳನ್ನು ಹಾರಿಸಿದರು.

ಎರಡನೆಯದು ಪರಿವರ್ತನೆ. ಮೂಲ ಲೈಸೆನ್ಸ್ ಮತ್ತು ಹಾರಾಟದ ಅನುಭವವನ್ನು ಆಧಾರವಾಗಿಟ್ಟುಕೊಂಡು, ಉಳಿದ ಪರೀಕ್ಷೆಗಳನ್ನು ಪೂರೈಸಿ, ಹೊಸ ದೇಶದ ಸ್ವತಂತ್ರ ಲೈಸೆನ್ಸನ್ನೇ ಪಡೆಯುವುದು. ಹಾರಿದ ಗಂಟೆಗಳು ಲೆಕ್ಕಕ್ಕೆ ಬರುತ್ತವೆ. ಪರೀಕ್ಷೆಗಳಲ್ಲಿ ಕೆಲವಕ್ಕೆ ವಿನಾಯಿತಿ ಸಿಗಬಹುದು, ಕೆಲವಕ್ಕೆ ಸಿಗದಿರಬಹುದು.

ಮೂರನೆಯದು ದೇಶಗಳ ನಡುವಣ ಒಪ್ಪಂದ. ಯುರೋಪಿಯನ್ ಒಕ್ಕೂಟದ ವಿಮಾನಯಾನ ಸುರಕ್ಷತಾ ಸಂಸ್ಥೆಯ ನಿಯಮದಡಿ ಒಂದು ಸದಸ್ಯ ರಾಷ್ಟ್ರ ನೀಡಿದ ಲೈಸೆನ್ಸ್ ಉಳಿದೆಲ್ಲ ಸದಸ್ಯ ರಾಷ್ಟ್ರಗಳಲ್ಲಿಯೂ ನಡೆಯುತ್ತದೆ. ಅಮೆರಿಕ ಮತ್ತು ಕೆನಡಾ 2006ರಿಂದ ಪರಸ್ಪರರ ಲೈಸೆನ್ಸ್‌ಗಳನ್ನು ಸರಳ ಕ್ರಮದಲ್ಲಿ ಪರಿವರ್ತಿಸುತ್ತಿವೆ. ಆಸ್ಟ್ರೇಲಿಯಾ ಹಾಗೂ ನ್ಯೂಜಿಲೆಂಡ್ ನಡುವೆಯೂ ಪರಸ್ಪರ ಮಾನ್ಯತೆಯ ವ್ಯವಸ್ಥೆ ಇದೆ.

ಇಂತಹ ಒಪ್ಪಂದಗಳು ಶಾಶ್ವತವಲ್ಲ ಎಂಬುದಕ್ಕೆ ಬ್ರಿಟನ್ ಉದಾಹರಣೆ. 2020ರ ಡಿಸೆಂಬರ್ 31ರಂದು ಅದು ಯುರೋಪಿನ ವ್ಯವಸ್ಥೆಯಿಂದ ಹೊರಬಂದ ಬಳಿಕ ಬ್ರಿಟಿಷ್ ಲೈಸೆನ್ಸ್ ಹೊಂದಿದವರು ಯುರೋಪಿನ ವಿಮಾನ ಹಾರಿಸುವ ಅಧಿಕಾರ ಕಳೆದುಕೊಂಡರು. ಯುರೋಪಿನ ಲೈಸೆನ್ಸ್‌ಗಳಿಗೆ ಬ್ರಿಟನ್ ಕೊಟ್ಟಿದ್ದ ಎರಡು ವರ್ಷಗಳ ರಿಯಾಯಿತಿಯೂ 2022ರ ಕೊನೆಗೆ ಮುಗಿಯಿತು. ವಿದ್ಯೆಯಲ್ಲಿ ಒಂದಿಷ್ಟೂ ಕೊರತೆಯಾಗದೆ, ಕೇವಲ ರಾಜಕೀಯ ನಿರ್ಧಾರವೊಂದರಿಂದ ಲೈಸೆನ್ಸಿನ ವ್ಯಾಪ್ತಿ ಕುಗ್ಗಿತು.

ಹೊರಗೆ ಕಲಿತು ಮರಳುವವರಿಗೆ

ಕರ್ನಾಟಕದಲ್ಲಿ ವಿಮಾನ ಚಾಲನಾ ತರಬೇತಿ ಹೊಸದೇನಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವಿಮಾನ ಚಾಲನಾ ತರಬೇತಿ ಶಾಲೆ 1940ರ ದಶಕದ ಕೊನೆಯಿಂದ ಇದೆ. ಮೈಸೂರಿನ ಮಂಡಕಳ್ಳಿ, ಕಲಬುರಗಿ, ಬೆಳಗಾವಿ ವಿಮಾನ ನಿಲ್ದಾಣಗಳಲ್ಲಿಯೂ ಖಾಸಗಿ ಸಂಸ್ಥೆಗಳು ತರಬೇತಿ ನೀಡುತ್ತ ಬಂದಿವೆ. ಆದರೂ ಅಮೆರಿಕ, ಕೆನಡಾ, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್ ಮುಂತಾದೆಡೆಗೆ ಹೋಗುವವರು ಬಹಳ. ವಿಮಾನಗಳು ಹೆಚ್ಚು, ಹವಾಮಾನ ಅನುಕೂಲ, ನಿಗದಿತ ಗಂಟೆಗಳು ಬೇಗ ಮುಗಿಯುತ್ತವೆ ಎಂಬುದು ಅದಕ್ಕೆ ಮುಖ್ಯ ಕಾರಣ.

ಹಾಗೆ ಪಡೆದ ವಾಣಿಜ್ಯ ಪೈಲಟ್ ಲೈಸೆನ್ಸನ್ನು ಭಾರತದ ಲೈಸೆನ್ಸಾಗಿ ಪರಿವರ್ತಿಸುವ ಅಧಿಕಾರ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ, ಅಂದರೆ ಡಿಜಿಸಿಎಗೆ ಸೇರಿದೆ. 1934ರ ವಿಮಾನ ಕಾಯ್ದೆಯ ಸ್ಥಾನದಲ್ಲಿ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಪರಿವರ್ತನೆಯ ಮುಖ್ಯ ಹಂತಗಳು ಹೀಗಿವೆ.

ವೈದ್ಯಕೀಯ ಪರೀಕ್ಷೆ: ವಾಣಿಜ್ಯ ಲೈಸೆನ್ಸಿಗೆ ಡಿಜಿಸಿಎ ನಿಯಮದಂತೆ ಪ್ರಥಮ ದರ್ಜೆಯ ವೈದ್ಯಕೀಯ ಅರ್ಹತೆ ಬೇಕು. ವಿದೇಶದಲ್ಲಿ ಪಡೆದ ವೈದ್ಯಕೀಯ ಪ್ರಮಾಣಪತ್ರ ಇದಕ್ಕೆ ಬದಲಿಯಾಗದು. ಬೆಂಗಳೂರಿನಲ್ಲಿರುವ ಭಾರತೀಯ ವಾಯುಪಡೆಯ ಏರೋಸ್ಪೇಸ್ ವೈದ್ಯಕೀಯ ಸಂಸ್ಥೆ ಈ ಪರೀಕ್ಷೆ ನಡೆಸುವ ದೇಶದ ಪ್ರಮುಖ ಕೇಂದ್ರಗಳಲ್ಲಿ ಒಂದು. ದೃಷ್ಟಿ, ಬಣ್ಣಗಳ ಗುರುತಿಸುವಿಕೆ, ಶ್ರವಣ, ಹೃದಯದ ಸ್ಥಿತಿ ಎಲ್ಲವನ್ನೂ ಪರಿಶೀಲಿಸಲಾಗುತ್ತದೆ.

ಲಿಖಿತ ಪರೀಕ್ಷೆ: ವಿದೇಶಿ ವಾಣಿಜ್ಯ ಲೈಸೆನ್ಸ್ ಹೊಂದಿದವರು ಎಲ್ಲ ವಿಷಯಗಳನ್ನೂ ಮತ್ತೆ ಬರೆಯಬೇಕಾಗಿಲ್ಲ. ವಾಯುಯಾನ ನಿಯಮಗಳ ಪತ್ರಿಕೆ ಮತ್ತು ನೌಕಾಯಾನ-ಹವಾಮಾನ ಶಾಸ್ತ್ರಗಳನ್ನು ಸೇರಿಸಿದ ಸಂಯುಕ್ತ ಪತ್ರಿಕೆ ಮುಖ್ಯವಾದವು. ತೇರ್ಗಡೆಗೆ ಶೇ 70 ಅಂಕ ಅಗತ್ಯ. ನಿಯಮಗಳ ಪತ್ರಿಕೆಗೆ ವಿನಾಯಿತಿ ಸಿಗದಿರುವುದು ಸಹಜ. ವಾಯುಪ್ರದೇಶದ ವಿಂಗಡಣೆ, ಅನುಮತಿಯ ಕ್ರಮ ದೇಶದಿಂದ ದೇಶಕ್ಕೆ ಬೇರೆಯಾಗಿರುತ್ತವೆ. ಹವಾಮಾನದ ಮಾತೂ ಅಷ್ಟೇ. ಕೆನಡಾದ ಹಿಮಗಾಳಿಯಲ್ಲಿ ಹಾರಲು ಕಲಿತವರಿಗೆ ನಮ್ಮ ಮುಂಗಾರಿನ ಮೋಡದ ಗೋಡೆ ಹೊಸದಾಗಿರುತ್ತದೆ.

ರೇಡಿಯೊ ಪರವಾನಗಿ: ನಿಯಂತ್ರಣ ಗೋಪುರದೊಂದಿಗೆ ರೇಡಿಯೊ ಮೂಲಕ ಮಾತನಾಡಲು ‘ಆರ್‌ಟಿಆರ್’ ಎಂಬ ಪ್ರತ್ಯೇಕ ಅರ್ಹತೆ ಬೇಕು. ಈ ಪರೀಕ್ಷೆಯನ್ನು ದೀರ್ಘಕಾಲ ಕೇಂದ್ರದ ಸಂವಹನ ಸಚಿವಾಲಯದ ವಿಭಾಗ ನಡೆಸುತ್ತಿತ್ತು. ಪೈಲಟ್ ಲೈಸೆನ್ಸಿಗೆ ಒಂದು ಕಚೇರಿ, ರೇಡಿಯೊಗೆ ಇನ್ನೊಂದು ಕಚೇರಿ ಎಂಬ ಅಲೆದಾಟ ಅಭ್ಯರ್ಥಿಗಳಿಗೆ ತಪ್ಪಿದ್ದಲ್ಲ. ಹೊಸ ಅಧಿನಿಯಮ ಈ ಜವಾಬ್ದಾರಿಯನ್ನೂ ವಿಮಾನಯಾನ ಪ್ರಾಧಿಕಾರದ ಕಡೆಗೆ ವರ್ಗಾಯಿಸಿದೆ.

ದೃಢೀಕರಣ: ಅಭ್ಯರ್ಥಿ ತೋರಿಸಿದ ಲೈಸೆನ್ಸ್ ಅಸಲಿಯೇ ಎಂದು ಅದನ್ನು ನೀಡಿದ ದೇಶದ ಪ್ರಾಧಿಕಾರದಿಂದಲೇ ಡಿಜಿಸಿಎ ಖಚಿತಪಡಿಸಿಕೊಳ್ಳುತ್ತದೆ. ಈ ಉತ್ತರ ಬರುವ ವೇಳೆ ಅಭ್ಯರ್ಥಿಯ ಕೈಯಲ್ಲಿಲ್ಲ.

ಕೌಶಲ ಪರೀಕ್ಷೆ: ಹಾರಾಟದ ಅನುಭವ ತೀರಾ ಹಳೆಯದಾಗಿದ್ದರೆ ಪರೀಕ್ಷಕರ ಜೊತೆ ಮತ್ತೆ ಹಾರಿ ತೋರಿಸಬೇಕಾಗುತ್ತದೆ. ಲಿಖಿತ ಪರೀಕ್ಷೆ, ದೃಢೀಕರಣಗಳಿಗಾಗಿ ನೆಲದ ಮೇಲೆ ಕಾದು ಕುಳಿತಷ್ಟೂ ಹಾರಾಟದ ಅಭ್ಯಾಸ ಹಳೆಯದಾಗುತ್ತ ಹೋಗುತ್ತದೆ. ಪರಿವರ್ತನೆಯ ವೆಚ್ಚ ಅಂದಾಜನ್ನು ಮೀರುವುದು ಬಹುಮಟ್ಟಿಗೆ ಇಲ್ಲಿಯೇ.

ಎಲ್ಲವೂ ಮುಗಿದ ಮೇಲೆ ಕೈಗೆ ಬರುವ ಲೈಸೆನ್ಸ್ ಈಗ ಮೊಬೈಲ್‌ನಲ್ಲೂ ಇರಬಹುದು. ಪೈಲಟ್‌ಗಳಿಗೆ ವಿದ್ಯುನ್ಮಾನ ಲೈಸೆನ್ಸ್ ನೀಡುವ ವ್ಯವಸ್ಥೆಯನ್ನು ಭಾರತ 2025ರ ಫೆಬ್ರುವರಿಯಲ್ಲಿ ಆರಂಭಿಸಿತು.

ಗಂಟೆಗಳ ಲೆಕ್ಕ

ಪರಿವರ್ತನೆಯಲ್ಲಿ ಅತಿ ಹೆಚ್ಚು ಜನ ಎಡವುವುದು ಪರೀಕ್ಷೆಯಲ್ಲಲ್ಲ, ಹಾರಾಟದ ದಿನಚರಿ ಪುಸ್ತಕದಲ್ಲಿ. ಪೈಲಟ್‌ಗಳ ಭಾಷೆಯಲ್ಲಿ ಅದು ‘ಲಾಗ್ ಬುಕ್’. ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು, ಹಗಲೋ ರಾತ್ರಿಯೋ, ಬೋಧಕರ ಜೊತೆಗೋ ಒಂಟಿಯಾಗಿಯೋ ಎಂಬ ಪ್ರತಿ ವಿವರವೂ ಅದರಲ್ಲಿ ದಾಖಲಾಗಿರಬೇಕು.

ಭಾರತದ ವಾಣಿಜ್ಯ ಲೈಸೆನ್ಸಿಗೆ ಒಟ್ಟು 200 ಗಂಟೆಗಳ ಹಾರಾಟ ಬೇಕು. ಅದರಲ್ಲಿ 100 ಗಂಟೆ ‘ಪೈಲಟ್ ಇನ್ ಕಮಾಂಡ್’ ಆಗಿ, ಅಂದರೆ ವಿಮಾನದ ಪೂರ್ಣ ಹೊಣೆ ಹೊತ್ತು ಹಾರಿದ್ದಾಗಿರಬೇಕು. 20 ಗಂಟೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೊಣೆ ಹೊತ್ತು ಹಾರಿದ ದೂರ ಹಾರಾಟ. ಅದರಲ್ಲಿ 300 ನಾಟಿಕಲ್ ಮೈಲಿಗೆ, ಅಂದರೆ ಸುಮಾರು 556 ಕಿ.ಮೀ.ಗೆ ಕಡಿಮೆಯಿಲ್ಲದ ಒಂದು ಪ್ರಯಾಣ, ದಾರಿಯಲ್ಲಿ ಎರಡು ಬೇರೆ ನಿಲ್ದಾಣಗಳಲ್ಲಿ ಪೂರ್ತಿ ಇಳಿದು ನಿಂತದ್ದು ಇರಬೇಕು. ಹೊರನೋಟವಿಲ್ಲದೆ ಉಪಕರಣಗಳನ್ನಷ್ಟೇ ನೋಡಿ ಹಾರಿದ 10 ಗಂಟೆ, ರಾತ್ರಿ ಹೊಣೆ ಹೊತ್ತು ಹಾರಿದ 5 ಗಂಟೆ, ಆ ರಾತ್ರಿ ಹಾರಾಟದಲ್ಲಿ ಕನಿಷ್ಠ 10 ಏರಿಕೆ ಮತ್ತು 10 ಇಳಿಕೆಗಳು ಇರಬೇಕು.

ಅಮೆರಿಕದಲ್ಲಿ ಲೆಕ್ಕ ಬೇರೆ. ಅಲ್ಲಿ ಸಾಮಾನ್ಯ ದಾರಿಯಲ್ಲಿ ವಾಣಿಜ್ಯ ಲೈಸೆನ್ಸಿಗೆ 250 ಗಂಟೆ ಬೇಕು. ಅಲ್ಲಿನ ಫೆಡರಲ್ ವಿಮಾನಯಾನ ಆಡಳಿತ ಅನುಮೋದಿಸಿದ ಪಠ್ಯಕ್ರಮದ ಶಾಲೆಯಲ್ಲಿ ಕಲಿತರೆ 190 ಗಂಟೆ ಸಾಕು. ಐಕಾವೊ ಕನಿಷ್ಠವೇ ಅನುಮೋದಿತ ತರಬೇತಿಗೆ 150 ಗಂಟೆ, ಇತರರಿಗೆ 200 ಗಂಟೆ. 190 ಗಂಟೆಗೆ ಲೈಸೆನ್ಸ್ ಸಿಕ್ಕಿತೆಂದು ಹಿಗ್ಗಿ ಹೊರಟು ಬಂದವರಿಗೆ ಇಲ್ಲಿ 10 ಗಂಟೆಯ ಕೊರತೆ ಎದುರಾಗುತ್ತದೆ.

ಅದಕ್ಕಿಂತ ಸೂಕ್ಷ್ಮವಾದದ್ದು ‘ಹೊಣೆ ಹೊತ್ತ’ ಗಂಟೆಯ ವ್ಯಾಖ್ಯಾನ. ಒಮ್ಮೆ ಖಾಸಗಿ ಲೈಸೆನ್ಸ್ ಸಿಕ್ಕಿದ ಬಳಿಕ, ಬೋಧಕರು ಪಕ್ಕದಲ್ಲಿದ್ದರೂ ವಿಮಾನವನ್ನು ತಾನೊಬ್ಬನೇ ನಿಯಂತ್ರಿಸಿದ ಸಮಯವನ್ನು ‘ಪೈಲಟ್ ಇನ್ ಕಮಾಂಡ್’ ಎಂದು ಬರೆದುಕೊಳ್ಳಲು ಅಮೆರಿಕದ ನಿಯಮ ಅವಕಾಶ ಕೊಡುತ್ತದೆ. ಅದೇ ಸಮಯ ಬೋಧನೆಯ ಗಂಟೆಯಾಗಿಯೂ ದಾಖಲಾಗುತ್ತದೆ. ಭಾರತ ಮತ್ತು ಯುರೋಪಿನ ಪದ್ಧತಿಯಲ್ಲಿ ಬೋಧಕರ ಜೊತೆ ಕಲಿಯುತ್ತ ಹಾರಿದ ಗಂಟೆ ಕಲಿಕೆಯ ಗಂಟೆ ಮಾತ್ರ.

ಒಂದು ಲೆಕ್ಕ ನೋಡಬಹುದು. ಒಬ್ಬ ಅಭ್ಯರ್ಥಿಯ ಪುಸ್ತಕದಲ್ಲಿ ಒಟ್ಟು 210 ಗಂಟೆ, ಅದರಲ್ಲಿ 110 ಗಂಟೆ ಹೊಣೆ ಹೊತ್ತದ್ದು ಎಂದು ಬರೆದಿದೆ ಎಂದಿಟ್ಟುಕೊಳ್ಳಿ. ಎರಡೂ ಸಂಖ್ಯೆಗಳು ಭಾರತದ ಕನಿಷ್ಠವನ್ನು ದಾಟಿವೆ. ಆದರೆ ಆ 110ರಲ್ಲಿ 25 ಗಂಟೆ ಬೋಧಕರ ಜೊತೆಗಿನ ಪಾಠವಾಗಿದ್ದರೆ ಇಲ್ಲಿ ಉಳಿಯುವುದು 85. ಇನ್ನೂ 15 ಗಂಟೆ ಹಾರಬೇಕು. ವಿಮಾನದ ಬಾಡಿಗೆ, ಇಂಧನ, ಸರದಿಗಾಗಿ ಕಾಯುವಿಕೆ ಎಲ್ಲವೂ ಮತ್ತೆ. ಅಲ್ಲಿದ್ದಾಗಲೇ ಬೋಧಕರಿಲ್ಲದೆ 15 ಗಂಟೆ ಹೆಚ್ಚು ಹಾರಿದ್ದರೆ ಮುಗಿದು ಹೋಗುತ್ತಿದ್ದ ಕೆಲಸವದು.

ಉಪಕರಣ ಆಧಾರಿತ ಹಾರಾಟದ ಅರ್ಹತೆಗೂ ಪ್ರತ್ಯೇಕ ಲೆಕ್ಕವಿದೆ. ಭಾರತದಲ್ಲಿ ಅದಕ್ಕೆ ಹೊಣೆ ಹೊತ್ತ 50 ಗಂಟೆಗಳ ದೂರ ಹಾರಾಟ ಹಾಗೂ 40 ಗಂಟೆಗಳ ಉಪಕರಣ ಹಾರಾಟ ಬೇಕು; ಎರಡನೆಯದರಲ್ಲಿ ಸಿಮ್ಯುಲೇಟರ್ ಪಾಲಿಗೆ ಮಿತಿಯಿದೆ.

ಭಾರತದ ಲೈಸೆನ್ಸ್ ಹಿಡಿದು ಹೊರಟವರಿಗೆ

ದಿಕ್ಕು ತಿರುಗಿದರೂ ನಿಯಮ ಅದೇ. ಅಮೆರಿಕದಲ್ಲಿ ಉದ್ಯೋಗದಲ್ಲಿರುವ, ಬಿಡುವಿನ ವೇಳೆ ಸಣ್ಣ ವಿಮಾನ ಹಾರಿಸಬಯಸುವ ಭಾರತೀಯ ಲೈಸೆನ್ಸ್‌ದಾರರಿಗೆ ಅಲ್ಲಿನ ಫೆಡರಲ್ ವಿಮಾನಯಾನ ಆಡಳಿತ ಒಂದು ಸುಲಭ ದಾರಿ ಇಟ್ಟಿದೆ. ಮೂಲ ಲೈಸೆನ್ಸನ್ನು ಅದು ಡಿಜಿಸಿಎ ಮೂಲಕ ದೃಢಪಡಿಸಿಕೊಂಡು, ಲಿಖಿತ ಪರೀಕ್ಷೆಯಿಲ್ಲದೆ ಖಾಸಗಿ ಪೈಲಟ್ ಪ್ರಮಾಣಪತ್ರ ನೀಡುತ್ತದೆ. ದೃಢೀಕರಣ ಪತ್ರಕ್ಕೆ ಆರು ತಿಂಗಳ ಅವಧಿ ಇರುತ್ತದೆ. ಹೊಣೆ ಹೊತ್ತು ಹಾರುವ ಮುನ್ನ ಅಲ್ಲಿನ ಬೋಧಕರೊಡನೆ ಹಾರಾಟದ ಪುನರ್‌ಪರಿಶೀಲನೆ ಮುಗಿಸಬೇಕು.

ಆದರೆ ಈ ಪ್ರಮಾಣಪತ್ರ ತನ್ನ ಕಾಲ ಮೇಲೆ ನಿಲ್ಲುವಂಥದ್ದಲ್ಲ. ಭಾರತದ ಲೈಸೆನ್ಸ್ ಜೀವಂತವಾಗಿರುವವರೆಗೆ ಮಾತ್ರ ಅದಕ್ಕೂ ಜೀವ. ಇದನ್ನು ಹಿಡಿದು ಹಣಕ್ಕಾಗಿ ಹಾರುವಂತಿಲ್ಲ. ಅಮೆರಿಕದಲ್ಲಿ ವೃತ್ತಿಪರವಾಗಿ ಹಾರಬೇಕೆಂದರೆ ಅಲ್ಲಿನ ಲಿಖಿತ ಹಾಗೂ ಹಾರಾಟ ಪರೀಕ್ಷೆಗಳನ್ನು ಪೂರ್ಣವಾಗಿ ಎದುರಿಸಬೇಕು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ವಿದೇಶಿಯರು ಅಲ್ಲಿ ವಿಮಾನ ಚಾಲನಾ ತರಬೇತಿ ಪಡೆಯಲು ಭದ್ರತಾ ತಪಾಸಣೆಯೂ ಕಡ್ಡಾಯ.

ಯುರೋಪಿನ ದಾರಿ ಇನ್ನೂ ಕಠಿಣ. ಭಾರತದ ವಾಣಿಜ್ಯ ಲೈಸೆನ್ಸ್ ಹೊಂದಿದವರು ಅಲ್ಲಿ ಏರ್‌ಲೈನ್ ಪೈಲಟ್ ಆಗಬಯಸಿದರೆ ಆ ಮಟ್ಟದ 13 ಸೈದ್ಧಾಂತಿಕ ವಿಷಯಗಳನ್ನು ಬರೆಯಬೇಕು. ಪ್ರತಿಯೊಂದರಲ್ಲೂ ಶೇ 75 ಅಂಕ ಬೇಕು. ಜೊತೆಗೆ ಯುರೋಪಿನದೇ ವೈದ್ಯಕೀಯ ಪ್ರಮಾಣಪತ್ರ ಹಾಗೂ ಕೌಶಲ ಪರೀಕ್ಷೆ. ಬ್ರಿಟನ್ ಈಗ ಬೇರೆ ಲೈಸೆನ್ಸ್ ನೀಡುವುದರಿಂದ ಎರಡೂ ಕಡೆ ಹಾರಬಯಸುವವರು ಎರಡು ಪ್ರಾಧಿಕಾರಗಳನ್ನು ಒಪ್ಪಿಸಬೇಕು.

ಅತ್ತ ಅಮೆರಿಕದಲ್ಲೇ ಖಾಸಗಿ ಲೈಸೆನ್ಸ್ ಪಡೆದ ಅನಿವಾಸಿ ಕನ್ನಡಿಗರೊಬ್ಬರು ರಜೆಗೆ ಬೆಂಗಳೂರಿಗೆ ಬಂದಾಗ ಜಕ್ಕೂರಿನಿಂದ ‘ವಿಟಿ’ ವಿಮಾನವೊಂದನ್ನು ತಾವೇ ಹಾರಿಸಿ ಕಾವೇರಿಯ ಜಲಪಾತಗಳನ್ನು ಮೇಲಿನಿಂದ ತೋರಿಸುವೆನೆಂದು ಮನೆಯವರಿಗೆ ಮಾತು ಕೊಡುವ ಮುನ್ನ ಯೋಚಿಸಬೇಕು. ಬೋಧಕರ ಜೊತೆ ಕುಳಿತು ಹಾರುವುದು ಬೇರೆ. ವಿಮಾನದ ಹೊಣೆ ಹೊರುವುದು ಬೇರೆ.

ಭಾಷೆಯೂ ಲೈಸೆನ್ಸಿನ ಭಾಗ

1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಬಳಿ ಸೌದಿ ಅರೇಬಿಯಾ ಮತ್ತು ಕಜಾಕಿಸ್ತಾನದ ವಿಮಾನಗಳು ಆಕಾಶದಲ್ಲೇ ಡಿಕ್ಕಿ ಹೊಡೆದು 349 ಜನ ಸತ್ತರು. ಕಜಾಕಿಸ್ತಾನದ ವಿಮಾನ ತನಗೆ ನಿಗದಿಯಾದ ಎತ್ತರಕ್ಕಿಂತ ಕೆಳಗಿಳಿದಿತ್ತು. ಆ ವಿಮಾನದ ಸಿಬ್ಬಂದಿಗೆ ಇಂಗ್ಲಿಷ್ ಸಂಭಾಷಣೆ ಸರಿಯಾಗಿ ಹಿಡಿತದಲ್ಲಿರಲಿಲ್ಲ ಎಂಬ ಅಂಶ ಜಗತ್ತಿನ ಗಮನ ಸೆಳೆಯಿತು. ಅಂತರರಾಷ್ಟ್ರೀಯ ಹಾರಾಟ ನಡೆಸುವ ಪೈಲಟ್‌ಗಳ ಭಾಷಾ ಸಾಮರ್ಥ್ಯವನ್ನು ಅಳೆಯುವ ನಿಯಮವನ್ನು ಐಕಾವೊ ರೂಪಿಸಲು ಇಂತಹ ದುರಂತಗಳು ಕಾರಣವಾದವು. 2008ರ ಮಾರ್ಚ್ 5ರಿಂದ ಅದು ಅನ್ವಯಿಸುತ್ತಿದೆ.

ಒಟ್ಟು ಆರು ಹಂತಗಳಲ್ಲಿ ಕನಿಷ್ಠ ನಾಲ್ಕನೆಯದು ಬೇಕು. ನಾಲ್ಕನೇ ಹಂತದವರು ಮೂರು ವರ್ಷಕ್ಕೊಮ್ಮೆ, ಐದನೇ ಹಂತದವರು ಆರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆಗೆ ಕೂರಬೇಕು. ಆರನೇ ಹಂತದವರಿಗೆ ಮರುಪರೀಕ್ಷೆ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರು ಇದಕ್ಕೆ ಅಂಜಬೇಕಾಗಿಲ್ಲ. ಇಲ್ಲಿ ಅಳೆಯುವುದು ಸಾಹಿತ್ಯದ ಇಂಗ್ಲಿಷನ್ನಲ್ಲ; ಉಚ್ಚಾರ ಸ್ಪಷ್ಟವಾಗಿದೆಯೇ, ಅನಿರೀಕ್ಷಿತ ಸನ್ನಿವೇಶವನ್ನು ಇನ್ನೊಬ್ಬರಿಗೆ ಅರ್ಥವಾಗುವಂತೆ ಹೇಳಬಲ್ಲರೇ ಎಂಬುದನ್ನು.

ಇಷ್ಟೊಂದು ತಪಾಸಣೆ ಏಕೆ?

ಕಲಿತವರನ್ನು ಮತ್ತೆ ಮತ್ತೆ ಪರೀಕ್ಷಿಸುವುದು ಕಿರುಕುಳವಲ್ಲವೇ ಎಂಬ ಅಸಮಾಧಾನ ಸಾಮಾನ್ಯ. ವಿಳಂಬದ ಬಗೆಗಿನ ದೂರಿನಲ್ಲಿ ಹುರುಳಿರಬಹುದು. ಆದರೆ ತಪಾಸಣೆ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಎರಡು ಪ್ರಸಂಗಗಳು ಸಾಕ್ಷಿ.

2011ರಲ್ಲಿ ಭಾರತದಲ್ಲೇ ಕೆಲವು ಪೈಲಟ್‌ಗಳು ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದದ್ದು ಬೆಳಕಿಗೆ ಬಂದಿತು. ಬಂಧನಗಳಾದವು, ಸಾವಿರಾರು ಲೈಸೆನ್ಸ್‌ಗಳ ದಾಖಲೆ ಮರುಪರಿಶೀಲನೆಗೆ ಒಳಪಟ್ಟಿತು. 2020ರ ಜೂನ್‌ನಲ್ಲಿ ಪಾಕಿಸ್ತಾನದ ವಿಮಾನಯಾನ ಸಚಿವರು ತಮ್ಮ ದೇಶದ 262 ಪೈಲಟ್‌ಗಳ ಲೈಸೆನ್ಸ್ ಸಂಶಯಾಸ್ಪದವೆಂದು ಸಂಸತ್ತಿನಲ್ಲಿ ಹೇಳಿದರು. ಕೆಲವೇ ದಿನಗಳಲ್ಲಿ ಯುರೋಪ್ ಆ ದೇಶದ ರಾಷ್ಟ್ರೀಯ ವಿಮಾನ ಸಂಸ್ಥೆಯ ಹಾರಾಟವನ್ನು ತಡೆಯಿತು. 2024ರ ನವೆಂಬರ್‌ವರೆಗೆ ಆ ತಡೆ ಮುಂದುವರಿಯಿತು. ವಿಯೆಟ್ನಾಂ, ಮಲೇಷ್ಯಾ ಮೊದಲಾದೆಡೆ ಪಾಕಿಸ್ತಾನದ ಲೈಸೆನ್ಸ್ ಹೊಂದಿದ್ದ ಪೈಲಟ್‌ಗಳನ್ನು ಕೆಲಸದಿಂದ ದೂರವಿರಿಸಲಾಯಿತು. ಪ್ರಾಮಾಣಿಕವಾಗಿ ಕಲಿತು ಹಾರುತ್ತಿದ್ದವರೂ ಇವರಲ್ಲಿ ಇದ್ದರು. ಒಂದು ಲೈಸೆನ್ಸಿನ ಬೆಲೆ ಅದನ್ನು ಹಿಡಿದವರ ಸಾಮರ್ಥ್ಯದಷ್ಟೇ ಅದನ್ನು ಕೊಟ್ಟ ಕಚೇರಿಯ ನಂಬಿಕೆಯ ಮೇಲೂ ನಿಂತಿರುತ್ತದೆ.

ಹೊರಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಶುಲ್ಕ ಕಟ್ಟುವ ಮೊದಲು ಅಭ್ಯರ್ಥಿ ಮತ್ತು ಹೆತ್ತವರು ಕೆಲವು ವಿಷಯಗಳನ್ನು ಲಿಖಿತ ರೂಪದಲ್ಲಿ ತಿಳಿದುಕೊಳ್ಳುವುದು ಒಳಿತು.

- ಭಾರತದ ಪ್ರಥಮ ದರ್ಜೆ ವೈದ್ಯಕೀಯ ಪರೀಕ್ಷೆ ಮುಗಿದಿದೆಯೇ? ಲೈಸೆನ್ಸ್ ಗಳಿಸಿ ಬಂದ ಮೇಲೆ ಆರೋಗ್ಯದ ಕಾರಣಕ್ಕೆ ಅನರ್ಹರಾದರೆ ಹಾಕಿದ ಹಣ ಮರಳದು. ಈ ಪರೀಕ್ಷೆ ಮೊದಲಾಗಲಿ.
- ಶೈಕ್ಷಣಿಕ ಅರ್ಹತೆ ಇದೆಯೇ? ದ್ವಿತೀಯ ಪಿಯುಸಿ ಮಟ್ಟದಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕೆಂಬುದು ಬಹುಕಾಲದ ನಿಯಮ. ಅದನ್ನು ಸಡಿಲಿಸುವ ಪ್ರಸ್ತಾವ 2025ರಲ್ಲಿ ಚರ್ಚೆಗೆ ಬಂದಿತು. ಅರ್ಜಿ ಹಾಕುವ ದಿನದ ನಿಯಮವನ್ನು ಡಿಜಿಸಿಎ ಪ್ರಕಟಣೆಯಲ್ಲೇ ನೋಡಬೇಕು.
- ತರಬೇತಿ ಶಾಲೆ ಹೇಳುವ ಶುಲ್ಕ ಯಾವ ದೇಶದ ಗಂಟೆಗಳ ಲೆಕ್ಕಕ್ಕೆ? ಆ ದೇಶದ ಲೈಸೆನ್ಸಿಗೆ ಸಾಕಾಗುವಷ್ಟೋ, ಭಾರತದ 200 ಗಂಟೆಯ ಒಳವಿಭಾಗಗಳೆಲ್ಲವೂ ತುಂಬುವಷ್ಟೋ?
- ಹೊಣೆ ಹೊತ್ತ 100 ಗಂಟೆಗಳಲ್ಲಿ ಬೋಧಕರಿಲ್ಲದವು ಎಷ್ಟು? ಪ್ರತಿ ವಾರ ಭಾರತದ ಲೆಕ್ಕದಲ್ಲೂ ಒಂದು ಪಟ್ಟಿ ಬರೆದಿಟ್ಟರೆ ಕೊರತೆ ಅಲ್ಲಿಯೇ ಗೊತ್ತಾಗುತ್ತದೆ.
- ಡಿಜಿಸಿಎ ಲಿಖಿತ ಪರೀಕ್ಷೆ ಯಾವಾಗ? ಮರಳಿದ ಮೇಲೆ ಓದಲು ಕೂರುವ ಬದಲು ಮೊದಲೇ ಸಿದ್ಧತೆ ನಡೆಸಿದವರಿಗೆ ನೆಲದ ಮೇಲಿನ ಕಾಯುವಿಕೆ ಕಡಿಮೆ.
- ಪರಿವರ್ತನೆಯ ನಂತರದ ವೆಚ್ಚ ಎಷ್ಟು? ಸಣ್ಣ ವಿಮಾನದ ಲೈಸೆನ್ಸ್ ಕೈಗೆ ಬಂದ ಮಾತ್ರಕ್ಕೆ ಏರ್‌ಬಸ್ ಅಥವಾ ಬೋಯಿಂಗ್ ಹಾರಿಸಲಾಗದು. ಆಯಾ ಮಾದರಿಗೆ ಪ್ರತ್ಯೇಕ ತರಬೇತಿ ಬೇಕು. ಅದಕ್ಕೂ ಹಣ ಬೇಕು. ಅದಾದ ಮೇಲೂ ಉದ್ಯೋಗ ಖಚಿತವಲ್ಲ.

ಇವುಗಳಲ್ಲಿ ಯಾವುದಕ್ಕೂ ಬಾಯಿಮಾತಿನ ಭರವಸೆಯನ್ನು ನೆಚ್ಚಿಕೊಳ್ಳಬಾರದು. ‘ಪರಿವರ್ತನೆ ಬರೀ ಔಪಚಾರಿಕ, ಹದಿನೈದು ದಿನದ ಕೆಲಸ’ ಎನ್ನುವ ಮಧ್ಯವರ್ತಿಯ ಮಾತಿಗಿಂತ ದಿನಚರಿ ಪುಸ್ತಕದ ಒಂದು ಪುಟ ಹೆಚ್ಚು ಸತ್ಯ ಹೇಳುತ್ತದೆ.

ಬ್ಲಫ್‌ನಿಂದ ಬೆಂಗಳೂರಿನ ವೈದ್ಯಕೀಯ ಪರೀಕ್ಷಾ ಕೇಂದ್ರಕ್ಕೆ ಬಸ್ಸಿನಲ್ಲಿ ಕೆಲವೇ ಗಂಟೆಗಳ ದಾರಿ. ನ್ಯೂಜಿಲೆಂಡಿನ ಬ್ಲಫ್‌ಗೆ ಹೊರಡುವ ಯೋಚನೆಯಿದ್ದರೂ ಪ್ರಯಾಣ ಮೊದಲು ಈ ದಾರಿಯಿಂದಲೇ ಆರಂಭವಾಗಬೇಕು.